ಬೀಗತಿಯ ಜೊತೆ ಸಮುದ್ರಕ್ಕೆ

ಬೈಲಹೊಂಗಲ
3 ಆಗಸ್ಟ್ 2025, ರವಿವಾರ

ಚಿರಂಜೀವಿ ಉಮಾಶ್ರೀಗೆ ನಿನ್ನ ಅವ್ವನ ಆಶೀರ್ವಾದ.

ಹೆಸರಿನ ಹಿಂದೆ ಏನು ಬರೆಯಬೇಕೆಂದು ತಿಳಿಯದೆ ಪೆನ್ನು ಹಿಡಿದು ತುಸು ಹೊತ್ತು ಕುಳಿತೆ. ನಿನ್ನ ಲಗ್ನವಾದಂದಿನಿಂದ ‘ಚಿ. ಸೌ.’ ಎಂದು ಬರೆದು ರೂಢಿಯಾದ ಕೈ ಇದು. ಇರಲಿ, ಚಿರಂಜೀವಿ ಒಂದೇ ಸಾಕು. ನೀನು ಚೆನ್ನಾಗಿ ಬಾಳಿದರೆ ಅದರಲ್ಲಿ ಎಲ್ಲವೂ ಬಂತು.

ಶ್ರೀಲಂಕೆಯಿಂದ ಬಂದು ತಿಂಗಳಾಗುತ್ತ ಬಂದರೂ ಅವ್ವ ಏನೂ ಹೇಳಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳಲು ನೋಡಿದೆ. ರಾಮದುರ್ಗದ ಅತ್ತೆಮನೆಯ ಹೆಸರು ಬಂದ ಕೂಡಲೇ ನೀನು “ಅವ್ವಾ, ಕ್ಲಾಸ್ ಐತಿ” ಎಂದು ಇಟ್ಟುಬಿಡುತ್ತೀ. ಕಾಗದವನ್ನಾದರೆ ಸಿಟ್ಟಿನಲ್ಲಿ ಮಡಚಿಟ್ಟರೂ ನಾಳೆ ಬಿಚ್ಚಿ ಓದಬಹುದು. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಅಪ್ಪ ಆರಾಮ ಇದ್ದಾರೆ. ಸೋಯಾ ಚಲೋ ಎದ್ದಿದೆ, ದಿನಾ ಬೆಳಿಗ್ಗೆ ಹೊಲಕ್ಕೆ ಹೋಗಿ ನೋಡಿ ಬರುತ್ತಾರೆ.

ಆಚೆ ವರ್ಷದ ದೀಪಾವಳಿಯಲ್ಲಿ ನೀನೂ ಸಂದೀಪನೂ ಇದೇ ಪಡಸಾಲೆಯಲ್ಲಿ ಕುಳಿತು, “ಮೊಣಕಾಲು, ಸೊಂಟ ಅಂತ ಇಬ್ಬರೂ ದಿನಾ ಅಂತೀರಿ, ಒಂದು ವಾರ ಸಮುದ್ರದ ದಂಡಿಮ್ಯಾಲೆ ಯೋಗಾ ಮಾಡಿ ಬರ್ರಿ” ಎಂದು ಇಬ್ಬರು ಅವ್ವಂದಿರಿಗೂ ಸೇರಿಸಿ ಒಂದೇ ಕಾಣಿಕೆ ಕೊಟ್ಟಿರಿ. ನಾನೂ ನಿನ್ನ ಅತ್ತೆ ರಾಚವ್ವನವರೂ ಬೆಳಗಾವಿಗೆ ಹೋಗಿ ಒಟ್ಟಿಗೇ ಪಾಸ್‌ಪೋರ್ಟಿಗೆ ಫೋಟೋ ಹೊಡೆಸಿಕೊಂಡು, ಕುಂದಾ ತಿಂದು ಬಂದೆವು. ಹೊಲಮನೆ ಕೆಲಸದಲ್ಲಿ ದಿನ ಮುಂದೆ ಮುಂದೆ ಹೋಗಿ, ಹೊರಡುವ ದಿನ ಬರುವಷ್ಟರಲ್ಲಿ ನಿಮ್ಮ ಮನೆ ಎರಡಾಗಿತ್ತು, ಕೋರ್ಟಿನ ಕೆಲಸವೂ ಮುಗಿದಿತ್ತು. ನಿಮ್ಮಿಬ್ಬರ ನಡುವೆ ಏನಾಯಿತೆಂದು ನಾನು ಆಗಲೂ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. “ನೀ ಹೋಗಿ ಬಾ ಅವ್ವಾ, ಅವರು ಬರಂಗಿಲ್ಲ” ಎಂದೆ ನೀನು. ನಿನ್ನ ಮಾತು ನಂಬಿ ಹೊರಟೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನೋಡಿದರೆ ರಾಚವ್ವನವರು ಇಳಕಲ್ ಸೀರೆಯುಟ್ಟು ಕುಳಿತಿದ್ದಾರೆ. ನನ್ನನ್ನು ಕಂಡವರೇ ಎದ್ದು ನಿಂತರು. ಬೀಗರು ಬಂದರೆ ಏಳುವ ರೂಢಿ. ಎದ್ದ ಮೇಲೆ ಎಲ್ಲ ನೆನಪಾಯಿತೇನೋ, ಮತ್ತೆ ಕುಳಿತರು.

“ನೀವು ಬರಂಗಿಲ್ಲ ಅಂತ ಸಂದೀಪ ಅಂದಿದ್ದ” ಎಂದರು.

“ಉಮಾನೂ ನನಗ ಹಂಗ ಅಂದಿದ್ಲು” ಎಂದೆ.

ಕೊಲಂಬೋದಲ್ಲಿ ಇಳಿದು, ವ್ಯಾನಿನಲ್ಲಿ ಪೂರ್ವದ ಕಡಲ ದಂಡೆ ಮುಟ್ಟುವ ತನಕ ಇಬ್ಬರೂ ನಮ್ಮ ನಮ್ಮ ಕಿಟಕಿಯ ಹೊರಗೆ ನೋಡಿದೆವು. ಅಲ್ಲಿ ಹೋದರೆ ಇಬ್ಬರಿಗೂ ಸೇರಿ ಒಂದೇ ಕೋಣೆ. ಬೇರೆ ಕೋಣೆ ಇದೆಯೇ ಎಂದು ನನಗೆ ಬರುವ ಹರಕುಮುರುಕು ಇಂಗ್ಲಿಷಿನಲ್ಲಿ ಕೇಳಿದೆ. ಎಲ್ಲ ತುಂಬಿವೆ ಎಂದರು. ಬೆಳಿಗ್ಗೆ ಎದ್ದು ಅವರು ಒಂದು ಮೂಲೆಯಲ್ಲಿ, ನಾನೊಂದು ಮೂಲೆಯಲ್ಲಿ ಲಿಂಗಪೂಜೆಗೆ ಕುಳಿತೆವು. ನಾನು ವಿಭೂತಿ ಮರೆತು ಹೋಗಿದ್ದೆ. ಚೀಲ ತಡಕಾಡುವುದನ್ನು ನೋಡಿ ರಾಚವ್ವನವರು ತಮ್ಮ ವಿಭೂತಿ ಗಟ್ಟಿಯನ್ನು ನನ್ನ ಕಡೆಗೆ ಸರಿಸಿದರು. ನಾನು ತೆಗೆದು ಹಣೆಗೆ ಹಚ್ಚಿಕೊಂಡೆ.

ಯೋಗ ಕಲಿಸುವಾಕೆ ಅದೇ ಊರಿನ ಹುಡುಗಿ, ನಿಲ್ಮಿನಿ ಅಂತ. ತೆಂಗಿನ ಗರಿಯ ಚಪ್ಪರ, ಕೆಳಗೆ ಹಲಗೆಯ ನೆಲ, ಎದುರಿಗೆ ಸಮುದ್ರ. ಜರ್ಮನಿಯವರು, ಜಪಾನಿನವರು, ಎಲ್ಲ ನಿನ್ನ ವಯಸ್ಸಿನ ಹೆಣ್ಣುಮಕ್ಕಳು. ಸೀರೆಯವರು ನಾವಿಬ್ಬರೇ, ಆದ್ದರಿಂದ ನಮ್ಮನ್ನೇ ಜೋಡಿ ಮಾಡಿದಳು. ಒಬ್ಬರ ಬೆನ್ನಿಗೆ ಒಬ್ಬರು ಬೆನ್ನು ಕೊಟ್ಟು ಕೂರಬೇಕು, ಭಾರವನ್ನೆಲ್ಲ ಹಿಂದಿನವರ ಮೇಲೆ ಬಿಟ್ಟು ಕಣ್ಣು ಮುಚ್ಚಬೇಕು. ಉಳಿದವರೆಲ್ಲ ಹಾಯಾಗಿ ಒರಗಿದರು. ನಾವಿಬ್ಬರೂ ಗೋಡೆಗಳಂತೆ ನೆಟ್ಟಗೆ ಕುಳಿತೆವು. ಸ್ವಲ್ಪ ಹೊತ್ತಿಗೆ ಅವರ ಬೆನ್ನು ಅಲುಗತೊಡಗಿತು. ನಗುತ್ತಿದ್ದಾರೆಂದು ತಿಳಿದು ನನಗೆ ಸಿಟ್ಟು ಬಂತು. ಆಮೇಲೆ ಅಳುವವರಂತೆ ಮೂಗು ಎಳೆದುಕೊಂಡಿದ್ದು ಕೇಳಿಸಿತು. ಉಮಾ, ನಾನೇನೂ ವಿಚಾರ ಮಾಡಲಿಲ್ಲ. ನೆಟ್ಟಗೆ ಕುಳಿತಿದ್ದವಳು ಹಿಂದಕ್ಕೆ ಒರಗಿದೆ. ಅವರೂ ಒರಗಿದರು.

ಆ ಸಂಜೆ ಉಸುಕಿನ ಮೇಲೆ ಕುಳಿತಾಗ ಅವರೇ ಮಾತು ತೆಗೆದರು.

“ಉಮಾ ಮನಿ ಬಿಟ್ಟ ದಿವಸ ನನ್ನ ಮಗ ಉಂಡ. ನನಗ ತುತ್ತು ಇಳೀಲಿಲ್ರಿ.”

“ನಿಮ್ಮ ಮಗನ್ನ ಎರಡು ಮಾತು ಅನಬೇಕಿತ್ತು” ಎಂದೆ ನಾನು, ಖಾರವಾಗಿಯೇ.

“ಅಂದೇನಿ. ನಿಮ್ಮ ಮಗಳಿಗೂ ಫೋನ್ ಹಚ್ಚಿ ಅಂದೇನಿ. ಇಬ್ಬರೂ ಒಂದ ಮಾತು ಹೇಳಿದ್ರು, ನಿಮಗ ತಿಳಿಯಂಗಿಲ್ಲ ಅಂತ.” ಸೆರಗಿನಿಂದ ಮುಖ ಒರೆಸಿಕೊಂಡು, “ಖರೇನ ನನಗ ತಿಳೀಲಿಲ್ಲ. ಜಗಳ ಆಡಿದ್ರ ಬಿಡಸತಿದ್ದೆ. ಅವರು ಜಗಳಾನ ಆಡಲಿಲ್ಲ” ಎಂದರು.

ನೀನು ಅವರೊಡನೆ ಮಾತಾಡಿದ್ದನ್ನು ನನಗೆ ಹೇಳಿರಲಿಲ್ಲ. ಹೇಳದಿದ್ದುದೇ ಒಳ್ಳೆಯದಾಯಿತು. “ಉಮಾ ಕೆಟ್ಟಾಕಿ ಅಲ್ರಿ” ಎಂದು ಅವರ ಬಾಯಿಂದಲೇ ಕೇಳುವುದಿತ್ತು ನನ್ನ ಹಣೆಯಲ್ಲಿ. ಅದಾದ ಮೇಲೆ ನಾನೂ ಸಂದೀಪನ ಬಗ್ಗೆ ಒಂದು ಒಳ್ಳೆಯ ಮಾತು ಆಡಿದೆ. ನಿಮ್ಮ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಅವನು ರಾತ್ರಿಯೆಲ್ಲ ಬಾಗಿಲ ಬಳಿ ಕುಳಿತಿದ್ದನ್ನು ನಾನು ಹೇಗೆ ಮರೆಯಲಿ, ಮಗಳೇ? ನೀನೂ ಮರೆತಿರಲಾರೆ.

ಮುಂದಿನ ದಿನಗಳೆಲ್ಲ ಹಳೆಯ ಮಾತಿನಲ್ಲೇ ಹೋದವು. ಹೂಲಿಯ ನೆನಪು ತೆಗೆದವರು ಅವರೇ. ನಿನಗೆ ಗೊತ್ತಿಲ್ಲ, ವರ್ಷಕ್ಕೊಂದೆರಡು ಸಲ ನಾನು ಇಲ್ಲಿಂದ, ಅವರು ರಾಮದುರ್ಗದಿಂದ ಬಸ್ಸು ಹತ್ತಿ ಸವದತ್ತಿಯಲ್ಲಿ ಕೂಡುತ್ತಿದ್ದೆವು. ಮನೆಯಲ್ಲಿ ಎಲ್ಲವ್ವನ ದರ್ಶನಕ್ಕೆ ಎನ್ನುತ್ತಿದ್ದೆವು. ದರ್ಶನವೂ ಆಗುತ್ತಿತ್ತು, ಸುಳ್ಳಲ್ಲ. ಆಮೇಲೆ ಹೂಲಿಗೆ ಹೋಗಿ, ಆ ಹಳೆಯ ಗುಡಿಗಳ ಕಟ್ಟೆಯ ಮೇಲೆ ರೊಟ್ಟಿ ಬಿಚ್ಚಿಕೊಂಡು ಕೂರುತ್ತಿದ್ದೆವು. ಅವರ ಗುರೆಳ್ಳು ಚಟ್ನಿ, ನನ್ನ ಬದನೆಕಾಯಿ ಎಣ್ಣೆಗಾಯಿ. ಕಲ್ಲು ಕಂಬದ ನೆರಳು ಸರಿದಂತೆ ನಾವೂ ಸರಿಯುತ್ತಿದ್ದೆವು. ಗಂಡನ ಮುಂದೆ, ತವರಿನವರ ಮುಂದೆ ಆಡದ ಮಾತನ್ನು ಅಲ್ಲಿ ಆಡಿದ್ದೇವೆ. ಅವರ ಹೊಲದ ಎಳ್ಳಮವಾಸ್ಯೆ ನಿನಗೂ ನೆನಪಿರಬೇಕು. ಮಲಪ್ರಭೆಯ ದಂಡೆಯ ತನಕ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಬಂದು, ಜೋಳದ ಬೆಳೆಯ ನಡುವೆ ಕಂಬಳಿ ಹಾಸಿ ಉಂಡದ್ದು. ನೀನು ನಕ್ಕು ನಕ್ಕು ಮಜ್ಜಿಗೆ ನೆತ್ತಿಗೇರಿ, ರಾಚವ್ವನವರು ಬೆನ್ನು ತಟ್ಟಿದ್ದರು.

ಕೊನೆಯ ದಿನ ಇಬ್ಬರೂ ಕೈ ಹಿಡಿದುಕೊಂಡು ಸಮುದ್ರಕ್ಕೆ ಇಳಿದೆವು. ಸೀರೆ ಕಚ್ಚೆ ಹಾಕಿ ಮೊಣಕಾಲು ಮುಳುಗುವ ತನಕ ಹೋದೆವು. ನೀರು ಶಾಂತವಿತ್ತು. ನಿಲ್ಮಿನಿ ದಂಡೆಯಿಂದ ನೋಡುತ್ತಿದ್ದವಳು, ಹೊರಗೆ ಬಂದ ಮೇಲೆ ಏನೋ ಕೇಳಿದಳು.

“ಏನಂತಾಳ್ರಿ?” ಎಂದರು ರಾಚವ್ವ.

“ನಾವು ಒಬ್ಬರಿಗೊಬ್ಬರು ಏನಾಗಬೇಕಂತ. ಅಕ್ಕತಂಗಿಯರೇನು ಅಂತ ಕೇಳಾಕತ್ತಾಳ.”

“ಬೀಗರು ಅಂತ ಹೇಳ್ರಿ.”

“ಇಂಗ್ಲಿಷಿನ್ಯಾಗ ಅದಕ್ಕ ಶಬ್ದ ಇಲ್ರಿ.”

ಅವರು ಒದ್ದೆ ಸೀರೆ ಹಿಂಡುತ್ತ ನಿಂತರು. “ಇದ್ರೂ ಈಗ ನಡಿಯಂಗಿಲ್ಲ. ಗೆಳತ್ಯಾರು ಅಂತ ಹೇಳ್ರಿ” ಎಂದರು. ಹಾಗೆಯೇ ಹೇಳಿದೆ.

ಇಷ್ಟು ನಮ್ಮ ಪ್ರವಾಸ. ಮೊಣಕಾಲು ಈಗ ಪರವಾಗಿಲ್ಲ. ಕಾಣಿಕೆ ಕೊಟ್ಟ ಇಬ್ಬರಿಗೂ ಒಳ್ಳೆಯದಾಗಲಿ. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಒಬ್ಬಳೇ ಇದ್ದೇನೆಂದು ಅಡುಗೆ ಬಿಡಬೇಡ. ಗುರು ಬಸವಣ್ಣ ನಿನ್ನನ್ನು ತಣ್ಣಗೆ ಇಟ್ಟಿರಲಿ.

ನಿನ್ನ ಅವ್ವ,
ಅನ್ನಪೂರ್ಣಾ

ತಾ.ಕ.: ಲಕೋಟೆ ಅಂಟಿಸಲು ಕುಳಿತವಳು ಮತ್ತೆ ಬಿಚ್ಚಿದೆ. ಬರುವಾಗ ಧಾರವಾಡದ ಬಸ್ ನಿಲ್ದಾಣದಲ್ಲಿ ರಾಮದುರ್ಗದ ಬಸ್ಸು ಮೊದಲು ಬಂತು. ಹತ್ತುವ ಮುಂಚೆ ರಾಚವ್ವನವರು ನನ್ನ ಕೈ ಹಿಡಿದು, “ಸಂದೀಪಗ ಸವದತ್ತಿ ಕಡೆಯಿಂದ ಒಂದು ಸಂಬಂಧ ಬಂದೈತ್ರಿ. ಶ್ರಾವಣ ಮುಗದ ಮ್ಯಾಲೆ ಗಟ್ಟಿ ಆಗತೈತಿ. ಮಂದಿ ಬಾಯಿಂದ ಉಮಾಗ ತಿಳಿಯೂದು ಬ್ಯಾಡ, ನೀವ ಹೇಳ್ರಿ” ಎಂದರು. ಆಮೇಲೆ, “ಇನ್ನ ಫೋನ್ ಮಾಡಬ್ಯಾಡ್ರಿ. ಬರೂ ಹುಡುಗಿಗೂ ಒಬ್ಬಾಕಿ ಅವ್ವ ಇರತಾಳ. ಆಕಿ ಮುಂದ ನಾ ನಿಮ್ಮ ಕೂಡ ನಗೂದು ಚಂದ ಕಾಣಂಗಿಲ್ಲ” ಎಂದರು. ಅವರು ಹೇಳಿದ್ದು ನ್ಯಾಯವೇ. ನಾನು ಹೂಂ ಎಂದೆ. ನೀನಿರುವ ಊರಿನಲ್ಲೇ ನಿಂತಿದ್ದರೂ ನಿನ್ನ ಮನೆಗೆ ಬರದೆ ಬೈಲಹೊಂಗಲದ ಬಸ್ಸು ಹತ್ತಿದೆ, ದಾರಿಯುದ್ದಕ್ಕೂ ಅತ್ತೆ. ಬೇಸರ ಮಾಡಿಕೊಳ್ಳಬೇಡ ಉಮಾ, ನಿನ್ನ ಸಲುವಾಗಿ ಅತ್ತದ್ದಲ್ಲ. ನಿನ್ನ ಸಲುವಾಗಿ ಮೊದಲೇ ಅತ್ತು ಮುಗಿದಿತ್ತು. ಮೊನ್ನೆ ಪಂಚಮಿಗೆ ಎಳ್ಳು, ಶೇಂಗಾದ ಉಂಡಿ ಕಟ್ಟುವಾಗ ಎಂದಿನಂತೆ ರಾಮದುರ್ಗಕ್ಕೆಂದು ಒಂದು ಡಬ್ಬಿ ಬೇರೆ ತುಂಬಿಬಿಟ್ಟೆ. ನಿಮ್ಮ ಅಪ್ಪ ಅದನ್ನು ನೋಡಿದರು, ಎತ್ತಿ ನಾಗೊಂದಿಗೆಯ ಹಲಗೆಯ ಮೇಲೆ ಹಿಂದಕ್ಕೆ ಸರಿಸಿಟ್ಟರು.