ಕೆಳಗಿನ ಸಾಲಿನ ಕಪ್ಪು ಹೆಡ್‌ಫೋನ್

ಮಾರ್ಚ್ ೧೨, ಬುಧವಾರ

ಅಂಗಡಿಯವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕು, ಬೆಲೆ ಕಡಿಮೆಯಿರಬೇಕು, ಮಾತು ಸ್ಪಷ್ಟವಾಗಿ ಕೇಳಬೇಕು ಎಂದರೆ ಡಬಡಬ ಹಾಡು ಹಾಕಿ, "ಬೇಸ್ ನೋಡಿ ಮೇಡಂ, ಎದೆ ನಡುಗತ್ತೆ" ಅಂದ. ಎದೆ ನಡುಗಿಸಿಕೊಂಡು ನಾನೇನು ಮಾಡಲಿ? ಕಣ್ಣು ಕಾಣದ ಮಕ್ಕಳಿಗೆ ಪಾಠ ಓದಿ ರೆಕಾರ್ಡ್ ಮಾಡುವವಳು ನಾನು. ಜೊತೆಗೆ ಬಂದ ಮೈದುನನೂ ಅವನ ತಾಳಕ್ಕೆ ಕುಣಿದ: "ತಗೊಳ್ಳಿ ಅತ್ತಿಗೆ, ಎಲ್ಲರೂ ಇದನ್ನೇ ಹೊಗಳ್ತಾರೆ." ಎರಡು ವರ್ಷದ ಹಿಂದೆ ಆ ದರಿದ್ರ ಇಯರ್‌ಫೋನ್ ಕೊಡಿಸಿದ್ದೂ ಇವನೇ. ಅದರಲ್ಲೇ ಕೇಳಿ, ಸರಿಯಿದೆ ಎಂದು ಪಾಠಗಳನ್ನು ಆ ಮಕ್ಕಳ ಶಾಲೆಗೆ ಕಳಿಸುತ್ತಿದ್ದೆ.

ಹಾಡು ನಿಲ್ಲಿಸಿ ನನ್ನದೇ ಇತಿಹಾಸದ ಪಾಠ ಹಾಕಿದೆ. ಅಂಗಡಿಯವನು ತೋರಿಸಿದ ಹೊಳೆಯುವ ಮೂರು ಹೆಡ್‌ಫೋನ್‌ಗಳಲ್ಲೂ ನನ್ನ ದನಿ ಕೊಡದೊಳಗಿಂದ ಬಂದಂತಿತ್ತು. ಒಂದಂತೂ ಕನ್ನಡಕದ ಕಡ್ಡಿಯನ್ನು ಒತ್ತಿ ಪ್ರಾಣ ತೆಗೆಯಿತು. ಕೊನೆಗೆ ಕೆಳಗಿನ ಸಾಲಿನಲ್ಲಿ ಧೂಳು ಹಿಡಿದಿದ್ದ, ಎಲ್ಲಕ್ಕಿಂತ ಅಗ್ಗದ ಕಪ್ಪು ಹೆಡ್‌ಫೋನ್ ಹಾಕಿಕೊಂಡೆ. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿತು. ಹಾಳೆ ತಿರುವಿದ್ದೂ ಕೇಳಿತು. ಪಾಠ ಮುಗಿದ ಮೇಲೆ, ರೆಕಾರ್ಡ್ ನಿಲ್ಲಿಸುವ ಮುಂಚೆ, ತೀರಾ ಮೆಲ್ಲಗೆ ನನ್ನದೇ ಗೊಣಗಾಟ: "ಥೂ, ಈ ಪೀಡೆ ಯಾವಾಗ ಮುಗಿಯತ್ತೋ."

ಇನ್ನೊಂದು ಪಾಠ ಹಾಕಿದೆ. ಅದರ ಕೊನೆಯಲ್ಲೂ ಅದೇ.

ಅದನ್ನೇ ಕೊಂಡು ಬಂದೆ. ದಾರಿಯುದ್ದಕ್ಕೂ ಮೈದುನನನ್ನು ಬೈದೆ. ಬೈಯಬೇಕಾದದ್ದು ಅವನನ್ನಲ್ಲ ಎಂದು ಗೊತ್ತಿದ್ದೂ ಬೈದೆ.

ಹೋದ ತಿಂಗಳು ಶಾಲೆಯಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ನನ್ನ ಕೈ ಹಿಡಿದು ಕೇಳಿದ್ದಳು: "ಅಕ್ಕಾ, ನಮಗೆ ಓದಿ ಓದಿ ನಿಮಗೆ ಬೇಜಾರಾ?"

"ಯಾರೇ ಹಾಗಂದಿದ್ದು?" ಎಂದು ಗದರಿದ್ದೆ.

ಅವಳು ಯಾರ ಹೆಸರನ್ನೂ ಹೇಳಲಿಲ್ಲ.