ಗುರುವಾರದವರೆಗೆ ಕಾಯದವಳು

ಕಚೇರಿಯ ಎರಡನೇ ಮಹಡಿ,
ಮಾರ್ಚ್ ೧೪, ಶನಿವಾರ

ಪ್ರೀತಿಯ ಚಿಕ್ಕಪ್ಪಾ,

ಮಂಡಿನೋವು ಹೇಗಿದೆ? ಚಿಕ್ಕಮ್ಮನ ಕೆಮ್ಮು ನಿಂತಿತೆ? ನೀವು ಹದಿನೈದು ದಿನದಿಂದ ಕಂಪ್ಯೂಟರನ್ನೇ ಮುಟ್ಟಿಲ್ಲವಂತೆ. ಅದಕ್ಕೇ ಈ ಕಾಗದ. ಚಿಕ್ಕಮ್ಮನೇ ಓದಿ ಹೇಳಬೇಕು. ಚಿಕ್ಕಮ್ಮಾ, ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಸಹಿಸಿಕೊಳ್ಳಿ. ಆದರೆ ನನ್ನ ಮೇಲೆ ಮರುಕ ಬಂದು ನಡುವೆ ನಾಲ್ಕು ಸಾಲು ಹಾರಿಸಬೇಡಿ. ನಿಮ್ಮ ಬುದ್ಧಿ ನನಗೆ ಗೊತ್ತು.

ಚಿಕ್ಕಪ್ಪಾ, ಕಣ್ಣು ಹೋದ ಮೇಲೆ ನೀವು ನಿಮಗಾಗಿಯೇ ಬರೆದುಕೊಂಡದ್ದು, ಪರದೆಯ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಆ ತಂತ್ರಾಂಶ. ಹನ್ನೊಂದು ವರ್ಷದಿಂದ ಅದನ್ನು ಕೇಳಿದವರಿಗೆಲ್ಲ ಬಿಟ್ಟಿಯಾಗಿ ಕೊಟ್ಟಿರಿ. ನೀವು ಬರೆದದ್ದನ್ನು ಪರೀಕ್ಷಿಸಿ, ಪ್ಯಾಕೇಜ್ ಕಟ್ಟಿ, ಸಾವಿರಾರು ಕಂಪ್ಯೂಟರುಗಳಿಗೆ ತಲುಪಿಸುವುದಷ್ಟೇ ನನ್ನ ಕೆಲಸ. ಹೀಗೆ ತಲುಪಿಸುವವರು ಬೇರೆ ಕಡೆ ಇನ್ನೂ ಮೂವರಿದ್ದಾರೆ. ಹೊಸ ಆವೃತ್ತಿ ನಾಲ್ಕೂ ಕಡೆಯಿಂದ ಒಂದೇ ಗುರುವಾರ ಹೊರಡಬೇಕೆಂದು ಎಲ್ಲರೂ ಸೇರಿ ಒಪ್ಪಿದ್ದೆವು. ಆ ವಾರದ ಸೋಮವಾರ ಬೆಳಿಗ್ಗೆ ನೀವು ಫೋನ್ ಮಾಡಿ, “ಧ್ವನಿ ಇನ್ನೂ ಕೈಕೊಡ್ತಿದೆ ಕಣಮ್ಮ. ಹಳೇ ಕಂಪ್ಯೂಟರಲ್ಲಿ ಮಾತೇ ಹೊರಡ್ತಿಲ್ಲ. ಗುರುವಾರದವರೆಗೆ ಕಳಿಸ್ಬೇಡ,” ಎಂದಿರಿ. ನಾನು ಹೂಂ ಎಂದೆ.

ಅಂದೇ ಸಂಜೆ, ಈ ಸಲ ಕಳಿಸುವ ತಂತ್ರಾಂಶಗಳ ನಮ್ಮ ಪಟ್ಟಿ ಮುಚ್ಚುವುದೆಂದು ಮೇಲ್ವಿಚಾರಕರು ಬಂದು ಹೇಳಿದರು. ಗೋಡೆಯ ಹಲಗೆಯಲ್ಲಿ ಬಾಕಿ ಉಳಿದದ್ದು ನನ್ನದೊಂದೇ ಹೆಸರು. ಮೂರು ದಿನ ಕೇಳಿದ್ದರೆ ಕೊಡುತ್ತಿದ್ದರು. ಚಿಕ್ಕಪ್ಪನ ಕೆಲಸವೆಂದು ರಿಯಾಯಿತಿ ಕೇಳುತ್ತಾಳೆ ಅಂದುಕೊಂಡಾರೆಂದು ಬಾಯಿ ಬರಲಿಲ್ಲ. ನೀವು ಪರೀಕ್ಷೆಗೆಂದು ಕೊಟ್ಟಿದ್ದ ಪ್ರತಿಯನ್ನೇ ನನ್ನ ಹೊಸ ಕಂಪ್ಯೂಟರಿನಲ್ಲಿ ಒಮ್ಮೆ ಹಾಕಿ ನೋಡಿದೆ. ಅರಳು ಹುರಿದಂತೆ ಮಾತಾಡಿತು. ಏನು ಮುಳುಗಿಹೋದೀತು ಎಂದು ಕಳಿಸಿಬಿಟ್ಟೆ.

ಮರುದಿನ ನಮಗೆ ಮೊದಲು ಫೋನ್ ಮಾಡಿದವರು ಒಂದು ಆಸ್ಪತ್ರೆಯ ಟೆಲಿಫೋನ್ ನೋಡಿಕೊಳ್ಳುವ ಹೆಂಗಸು. ಅವರಿಗೂ ಕಣ್ಣಿಲ್ಲ. “ಪರದೆ ಉರೀತಿದೆ ಅಂತ ಪಕ್ಕದವರು ಹೇಳ್ತಾರೆ. ನನಗೆ ಮಾತ್ರ ಒಂದು ಅಕ್ಷರ ಹೇಳ್ತಿಲ್ಲ,” ಎಂದರು. ಹಳೆಯ ಆವೃತ್ತಿಗೆ ಮರಳುವ ದಾರಿಯನ್ನು ಹೇಳಬೇಕಾದ ಧ್ವನಿಯೇ ಹೋಗಿತ್ತಲ್ಲ. ಕೀಲಿಮಣೆಯ ಒಂದೊಂದೇ ಕೀಲಿ ಎಣಿಸಿ ಹೇಳುತ್ತ ನಲವತ್ತು ನಿಮಿಷ ಕೂತೆ. ಕೊನೆಗೆ ಮಾತು ಮರಳಿದಾಗ ಅವರು, “ನೀವು ಒಳ್ಳೆಯವರಮ್ಮ. ಇದನ್ನ ಬರೆದ ಮನುಷ್ಯನಿಗೆ ಮಾತ್ರ ಬುದ್ಧಿ ಇಲ್ಲ,” ಎಂದರು. ಕಳಿಸಿದವಳು ನಾನೆಂದು ಹೇಳದೆ ಫೋನ್ ಇಟ್ಟೆ ಚಿಕ್ಕಪ್ಪಾ. ಸಂಜೆಯೊಳಗೆ ಊರೆಲ್ಲ ನಿಮ್ಮನ್ನು ಬಯ್ಯುತ್ತಿತ್ತು. ನೀವು ಯಾರ ಮೇಲೂ ಬೊಟ್ಟು ಮಾಡದೆ, “ತಪ್ಪು ನನ್ನದು, ಕ್ಷಮಿಸಿ. ಇನ್ನು ಇದು ನನ್ನ ಕೈಲಾಗದು,” ಎಂದು ಎರಡು ಸಾಲು ಬರೆದು ಬಾಗಿಲು ಹಾಕಿಕೊಂಡಿರಿ.

ಒಂದು ಸುದ್ದಿ. ನಿಮ್ಮ ಮಾತಿನಂತೆ ಕಾದಿದ್ದ ಆ ಮೂವರೂ ಸೇರಿ ದೋಷವನ್ನು ಹುಡುಕಿ ಸರಿಮಾಡಿದ್ದಾರೆ. ಹಳೆಯ ಕಂಪ್ಯೂಟರುಗಳೂ ಈಗ ಮಾತಾಡುತ್ತಿವೆ. ಆದರೆ ಬಿಡುಗಡೆಯ ದಿನ ಹೇಳಬೇಕಾದವರು ನೀವು, ಅದನ್ನು ನಾವು ಗೊತ್ತುಮಾಡುವುದಿಲ್ಲವೆಂದು ಒಬ್ಬರಾದ ಮೇಲೊಬ್ಬರು ಬರೆದರು. ಅದನ್ನು ಓದಿ ನನಗೆ ತಲೆ ಎತ್ತಲಾಗಲಿಲ್ಲ. ನೀವು ಬೇಡವೆಂದರೆ ಬೇಡ. ಬೇಕೆಂದರೆ, ಯಾವ ದಿನ ಹೇಳುತ್ತೀರೋ ಆ ದಿನ.

ಮಂಡಿಗೆ ಬಿಸಿನೀರಿನ ಶಾಖ ತಪ್ಪಿಸಬೇಡಿ. ಎದುರು ಬರಲು ಮುಖವಿಲ್ಲದೆ, ಇಬ್ಬರಿಗೂ ಇಲ್ಲಿಂದಲೇ ನಮಸ್ಕಾರ.

ನಿಮ್ಮ
ಗಡಿಬಿಡಿ

ಮತ್ತೆ: ಅಂಚೆಯವರು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ‘ದೋಷ ಬರೆದವರ ಕಡೆಯದು, ನಮ್ಮದಲ್ಲ’ ಎಂದು ಊರೆಲ್ಲ ಬಯ್ಯುತ್ತಿದ್ದ ದಿನ ನಮ್ಮ ಕಚೇರಿಯಿಂದ ಒಂದು ಪ್ರಕಟಣೆ ಬಂತಲ್ಲ, ಅದನ್ನು ಯಾರು ಬರೆದದ್ದೆಂದು ನೀವು ಫೋನಿನಲ್ಲಿ ಕೇಳಿದಾಗ ಮೇಲ್ವಿಚಾರಕರು ಎಂದಿದ್ದೆ. ಸುಳ್ಳು ಹೇಳಿದೆ. ಬರೆದವಳು ನಾನೇ. ಇವತ್ತು ಬೆಳಿಗ್ಗೆ ಅದನ್ನು ತೆಗೆದುಹಾಕಿ, ನೀವು ಕಾಯಲು ಹೇಳಿದ್ದನ್ನೂ ನಾನು ಕಾಯದೆ ಹೋದದ್ದನ್ನೂ ನನ್ನ ಹೆಸರಿನಲ್ಲೇ ಎಲ್ಲರಿಗೂ ಬರೆದೆ. ಇದನ್ನು ಮೊದಲ ಸಾಲಿನಲ್ಲೇ ಹೇಳಬೇಕಿತ್ತು ಚಿಕ್ಕಪ್ಪಾ. ಧೈರ್ಯ ಬರಲು ಇಷ್ಟು ಉದ್ದದ ಕಾಗದ ಬೇಕಾಯಿತು.