ಬಿಳಿ ಕೈಗವಸು

೧೫ ಆಗಸ್ಟ್ ೨೦೧೧, ಸಾನಪಾಡಾ, ನವಿ ಮುಂಬಯಿ

ಧ್ವಜ ಹಾರಿಸಿ ಬಂದೆ. ಆ ಕೈಗವಸು ಮಾತ್ರ ತಲೆಯಿಂದ ಹೋಗುತ್ತಿಲ್ಲ.

ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಲೀಲಾಧರ ಬೆಳಿಗ್ಗೆ ಹೊಸ ಪ್ಯಾಕೆಟ್ ಹರಿದು ಕೊಟ್ಟ. "ಹಾಕಿಕೊಳ್ಳಿ ಸುಬೇದಾರ್ರೇ, ಪರೇಡಿನಲ್ಲಿ ಹಾಕ್ತಾರಲ್ಲ, ಚಂದ ಕಾಣ್ತದೆ." ಹೋದ ವರ್ಷ ಧ್ವಜ ಹಾರಿಸಿದ ಬಿಲ್ಡರನಿಗೆ ಈ ಚಂದ ಬೇಕಿರಲಿಲ್ಲ. ಅವನ ಅಂಗೈ ನುಣುಪು. ನನ್ನದು ಸೋರಿಯಾಸಿಸ್‌ನಿಂದ ಬಿರಿದು ಹೊಟ್ಟು ಉದುರಿಸುತ್ತದೆ.

ಧ್ವಜ ಹಾರಿಸಿದವನೇ ಮಕ್ಕಳಿಗೆ ಪೇಡಾ ಹಂಚುವುದು ಇಲ್ಲಿಯ ರೂಢಿ. ಈ ಸಲ ಲೀಲಾಧರನ ಹೆಂಡತಿ ಹಂಚಿದಳು. ನನಗೆ ಶಾಲು ಹೊದೆಸಿ ಕುರ್ಚಿಯಲ್ಲಿ ಕೂರಿಸಿದರು.

ಸರ್ವಿಸಿನಲ್ಲಿದ್ದಾಗ ಮಿಲಿಟರಿ ಆಸ್ಪತ್ರೆಯ ಡಾಕ್ಟರ್, ಮೇಜರ್ ಮೇಡಂ, ಬರಿಗೈಯಲ್ಲೇ ಈ ಅಂಗೈಗೆ ಮುಲಾಮು ತಿಕ್ಕಿದ್ದರು. ಇದು ಅಂಟುವ ರೋಗವಲ್ಲ ಎಂದು ಇಡೀ ವಾರ್ಡಿಗೆ ಕೇಳುವಂತೆ ಹೇಳಿದ್ದರು. ಆಮೇಲೂ ಬ್ಯಾರಕ್ಕಿನ ಹುಡುಗರು ಮೊದಲಿನಂತೆ ನನ್ನ ತಟ್ಟೆಯಿಂದಲೇ ರೊಟ್ಟಿ ಹರಿದು ತಿಂದರು. ಹಗಲು ಕೈಗೆ ಗಾಳಿ ಆಡಲಿ, ರಾತ್ರಿ ಮುಲಾಮಿನ ಮೇಲೆ ಹತ್ತಿಯ ಕೈಗವಸು ಹಾಕಿ ಮಲಗು ಎಂದು ಕಲಿಸಿದ್ದೂ ಮೇಡಂ.

ಹೊರಡುವಾಗ ಕೈಗವಸು ಬಿಚ್ಚಿ ಚಾಚಿದೆ. ಲೀಲಾಧರ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ನೀವೇ ಇಟ್ಟುಕೊಳ್ಳಿ. ಜನವರಿ ಇಪ್ಪತ್ತಾರಕ್ಕೂ ಆಗ್ತದಲ್ಲ."

"ಮರ್ಯಾದಿಗಿ ಕೊಟ್ಟಾರ ಅಂತ ತಿಳ್ಕೋರಿ," ಎಂದಳು ದ್ರೌಪದಿ, ಮನೆಗೆ ಬಂದ ಮೇಲೆ. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿ, ಹೇಳುವಾಗ ನನ್ನ ಮುಖ ನೋಡಲಿಲ್ಲ.

ಈಗ ರಾತ್ರಿ, ಡಾಂಬರು ವಾಸನೆಯ ಮುಲಾಮು ಹಚ್ಚಿ ಆ ಕೈಗವಸುಗಳನ್ನೇ ಹಾಕಿಕೊಂಡಿದ್ದೇನೆ. ಪೆನ್ನು ಜಾರುತ್ತಿದೆ. ಅಳತೆ ಸರಿಯಾಗಿದೆ, ಶುದ್ಧ ಹತ್ತಿ. ದಿನಾ ರಾತ್ರಿ ಹಾಕಿದರೆ ಜನವರಿಯ ಹೊತ್ತಿಗೆ ತೊಳೆದರೂ ಹೋಗದ ಕಂದು ಕಲೆ ಹಿಡಿದಿರುತ್ತದೆ. ಅವನ್ನೇ ಹಾಕಿಕೊಂಡು ಧ್ವಜದ ಹಗ್ಗ ಎಳೆಯುತ್ತೇನೆ. ಚಂದ ಕಾಣಲಿ.